ತೋಟ ಒಬ್ಬರ ಕೈಗೆ ಆಗುವಷ್ಟಿರಲಿ

ಪ್ರಶ್ನೆ: ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರ್. ಈಗ ಫೀಲ್ಡ್ ಪೋಸ್ಟಿಂಗ್‌ನಲ್ಲಿದ್ದಾರೆ. ನಾನು ಇಬ್ಬರು ಮಕ್ಕಳ ಜೊತೆ ಬೆಂಗಳೂರಿನ ಸೇನಾ ಕ್ವಾರ್ಟರ್ಸ್‌ನಲ್ಲಿದ್ದೇನೆ. ನೆಲಮಹಡಿ ಮನೆ, ಹಿಂದೆ ಸ್ವಲ್ಪ ಜಾಗ ಇದೆ. ಸೀರೆಗೆ ಕುಚ್ಚು ಹಾಕುತ್ತೇನೆ, ಉಪ್ಪಿನಕಾಯಿ, ಹಪ್ಪಳ ಮಾಡುತ್ತೇನೆ. ಗಿಡ ಅಂದ್ರೆ ಪ್ರಾಣ. ಆದರೆ ಹೋದ ಪೋಸ್ಟಿಂಗ್‌ನಲ್ಲಿ ಬೆಳೆಸಿದ್ದ ಕೈತೋಟವನ್ನು ಹಾಗೇ ಬಿಟ್ಟು ಬಂದ ಮೇಲೆ ಮತ್ತೆ ಶುರು ಮಾಡೋಕೆ ಮನಸ್ಸಾಗ್ತಿಲ್ಲ. ಇನ್ನು ನಾಲ್ಕು ವರ್ಷಕ್ಕೆ ಅವರ ರಿಟೈರ್ಮೆಂಟ್. ಆಮೇಲೆ ಬೆಂಗಳೂರಿನ ಆಸುಪಾಸಿನಲ್ಲಿ ಎರಡು ಎಕರೆ ತಗೊಂಡು ಹಸು, ಕೋಳಿ, ರಾಗಿ, ತರಕಾರಿ ಅಂತ ಬದುಕಬೇಕು ಅನ್ನೋ ಆಸೆ. ಏಜೆಂಟ್ ಒಬ್ಬರು ಮಾಗಡಿ ಕಡೆ ಹತ್ತು ಗುಂಟೆಯ ಫಾರ್ಮ್ ಪ್ಲಾಟ್ ತೋರಿಸಿ, ಮುಂದಿನ ತಿಂಗಳು ಯಜಮಾನರು ರಜೆಗೆ ಬಂದಾಗ ರಿಜಿಸ್ಟರ್ ಮಾಡಿಸಿಬಿಡಿ ಅಂತಿದ್ದಾರೆ. ತಗೊಳ್ಳೋದಾ? ಅಲ್ಲಿಯವರೆಗೆ ನಾನು ಏನು ಮಾಡಲಿ?

ಉತ್ತರ: ಉತ್ತರಕ್ಕೆ ಮುಂಚೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳ್ತೀನಿ. ರಿಟೈರ್ ಆದ ಮೇಲೆ ಯಜಮಾನರು ಪೂರ್ತಿ ತೋಟದಲ್ಲೇ ಇರ್ತಾರೆ ಅಂತ ಇಬ್ಬರೂ ಕೂತು ಮಾತಾಡಿಕೊಂಡಿದ್ದೀರಾ?

ಯಾಕೆ ಕೇಳಿದೆ ಅಂದ್ರೆ, ಹವಾಲ್ದಾರ್ ಆಗಿ ಪಿಂಚಣಿಗೆ ಬರುವವರಿಗೆ ಆಗ ವಯಸ್ಸು ನಲವತ್ತೈದರ ಆಸುಪಾಸು. ಮಕ್ಕಳು ಹೈಸ್ಕೂಲು, ಪಿಯುಸಿ ಅಂತಿರುತ್ತಾರೆ. ಫೀಸು ಕಟ್ಟಬೇಕು. ಬ್ಯಾಂಕಿನ ಸೆಕ್ಯೂರಿಟಿ, ಫ್ಯಾಕ್ಟರಿ, ಡಿಎಸ್‌ಸಿ (ಮಾಜಿ ಸೈನಿಕರನ್ನು ತೆಗೆದುಕೊಳ್ಳುವ ರಕ್ಷಣಾ ಭದ್ರತಾ ದಳ) ಅಂತ ಎರಡನೇ ಕೆಲಸಕ್ಕೆ ಸೇರುವವರೇ ಜಾಸ್ತಿ. ನನ್ನ ಹತ್ತಿರ ತೋಟದ ತರಬೇತಿಗೆ ಬರುವ ಸೈನಿಕರ ಮನೆಗಳಲ್ಲಿ ನಾನು ನೋಡಿರೋದು ಇದನ್ನೇ. ಬೆಳಿಗ್ಗೆ ಎಂಟಕ್ಕೆ ಅವರು ಡ್ಯೂಟಿಗೆ ಹೊರಟರೆ ತೋಟ, ಹಸು, ಮೋಟಾರು, ಮಕ್ಕಳ ಟಿಫಿನ್ನು ಎಲ್ಲಾ ಹೆಂಡತಿಯ ತಲೆ ಮೇಲೆ. ಈಗ ಕ್ವಾರ್ಟರ್ಸ್‌ನಲ್ಲಿ ಒಬ್ಬರೇ ಮನೆ ನಡೆಸುತ್ತಿದ್ದೀರಲ್ಲ, ಅದಕ್ಕೆ ಎರಡು ಎಕರೆ ಸೇರಿಸಿದರೆ ಹೇಗಿರುತ್ತೋ ಹಾಗೆ.

ಹಾಗಂತ ಆಸೆ ಬಿಡಿ ಅಂತಿಲ್ಲ. ತೋಟ ನಿಮ್ಮೊಬ್ಬರ ಕೈಗೆ ಬೀಳುತ್ತೆ ಅಂದುಕೊಂಡೇ ಲೆಕ್ಕ ಹಾಕಿ. ಅವರು ಜೊತೆಗಿದ್ದರೆ ಲಾಭ. ಎಷ್ಟು ಜಮೀನು, ಯಾವ ಬೆಳೆ, ಹಸು ಬೇಕೋ ಬೇಡವೋ, ಮನೆ ಎಲ್ಲಿ ಕಟ್ಟಬೇಕು, ಎಲ್ಲವನ್ನೂ ಇದೇ ಅಳತೆಯಲ್ಲಿ ನೋಡಿ. ಏಜೆಂಟ್ ಮಾತಿಗೆ ಆಮೇಲೆ ಬರ್ತೀನಿ. ಸದ್ಯಕ್ಕೆ ಅಡ್ವಾನ್ಸ್ ಮಾತ್ರ ಕೊಡಬೇಡಿ.

ಎರಡು ಎಕರೆ ಬೇಕು ಅಂತ ಹೇಗೆ ತೀರ್ಮಾನ ಮಾಡಿದಿರಿ? ನಾನು ಕೇಳಿದ ಮುಕ್ಕಾಲು ಜನ ಸುಮ್ನೆ ಅಂದಾಜಿಗೆ ಹೇಳ್ತಾರೆ. ಒಂದು ನೋಟ್‌ಬುಕ್ ತಗೊಂಡು ನಿಮ್ಮ ಅಡುಗೆಮನೆಗೆ ತಿಂಗಳಿಗೆ ಏನೇನು, ಎಷ್ಟೆಷ್ಟು ಬರುತ್ತೆ ಅಂತ ಬರೆಯಿರಿ. ಕ್ಯಾಂಟೀನ್ ಸಾಮಾನು ಬೇಡ, ನೆಲದಲ್ಲಿ ಬೆಳೆಯುವುದನ್ನು ಮಾತ್ರ. ವಾರಕ್ಕೆ ನಾಲ್ಕು ತೆಂಗಿನಕಾಯಿ ಅಂದ್ರೆ ವರ್ಷಕ್ಕೆ ಇನ್ನೂರು ಚಿಲ್ಲರೆ. ನೀರು, ಗೊಬ್ಬರ ಸರಿಯಾಗಿ ಕೊಟ್ಟ ಒಂದು ತೆಂಗಿನಮರ ವರ್ಷಕ್ಕೆ 80ರಿಂದ 100 ಕಾಯಿ ಕೊಡುತ್ತೆ. ಒಂದು ಕೈಕೊಟ್ಟರೂ ಇರಲಿ ಅಂತ ಐದು ಮರ ಸಾಕು. ತಿಂಗಳಿಗೆ ಹತ್ತು ಕೆಜಿ ರಾಗಿ ಅಂದ್ರೆ ವರ್ಷಕ್ಕೆ 120 ಕೆಜಿ. ಮಳೆ ಚೆನ್ನಾಗಿ ಆದ ವರ್ಷ ಎಕರೆಗೆ 8ರಿಂದ 10 ಕ್ವಿಂಟಲ್ ಬರುತ್ತೆ. ಗುಂಟೆಗೆ 20 ಕೆಜಿ ಅಂತ ಹಿಡಿದರೂ ಆರು ಗುಂಟೆ. ಮಳೆ ಕೈಕೊಡುವ ವರ್ಷಕ್ಕೂ ಸೇರಿಸಿ ಹತ್ತು ಗುಂಟೆ ಇಟ್ಟುಕೊಳ್ಳಿ. ಅದರಲ್ಲೇ ಅಕ್ಕಡಿ ಸಾಲಿಗೆ (ರಾಗಿಯ ನಡುನಡುವೆ ಬಿಡುವ ಸಾಲಿಗೆ) ಅವರೆ ಹಾಕಿದರೆ ಸಂಕ್ರಾಂತಿ ಹೊತ್ತಿಗೆ ಸೊಗಡಿನ ಅವರೆಕಾಯಿ ಮನೆಯದೇ. ಕರಿಬೇವು ಒಂದು, ನಿಂಬೆ ಎರಡು, ನುಗ್ಗೆ ಎರಡು, ಸೀಬೆ ಎರಡು, ಒಂದು ಹಲಸು, ಎರಡು ಮಾವು. ತರಕಾರಿ, ಸೊಪ್ಪಿಗೆ ಮೂರ್ನಾಲ್ಕು ಗುಂಟೆ. ಎಲ್ಲಾ ಕೂಡಿಸಿದರೂ ಮನೆ ಊಟಕ್ಕೆ ಅರ್ಧ ಎಕರೆ ದಾಟೋದಿಲ್ಲ. ಒಂದು ಎಕರೆಗೆ 40 ಗುಂಟೆ. ದಾರಿ, ಹೊಂಡ, ಮುಂದೆ ಮೇವು ಬೆಳೆಯೋಕೆ ಅಂತ ಮಿಕ್ಕಿದ್ದು ಸೇರಿಸಿದರೂ ಒಂದು ಎಕರೆ ನಿಮಗೆ ಧಾರಾಳ. ಎರಡನೇ ಎಕರೆ ಅಂದ್ರೆ ಮಾರೋದಕ್ಕೆ ಬೆಳೆಯೋದು. ಅದು ಬೇರೆಯೇ ಕಸುಬು. ಆಳು, ಮಂಡಿ, ಸಾಗಾಟ ಎಲ್ಲಾ ಬರುತ್ತೆ.

ಈ ನೋಟ್‌ಬುಕ್ಕನ್ನು ಒಂದು ವರ್ಷ ಬಿಡದೆ ಬರೆಯಿರಿ. ಬೇಸಿಗೆ ರಜೆ, ಹಬ್ಬ, ಯಜಮಾನರು ರಜೆಗೆ ಬಂದ ತಿಂಗಳು, ಎಲ್ಲದರಲ್ಲೂ ಲೆಕ್ಕ ಬೇರೆ ಬೇರೆ ಇರುತ್ತೆ.

ಈಗ ಮನೆ ಹಿಂದಿನ ಜಾಗ. ಬಿಟ್ಟು ಬಂದ ತೋಟದ ನೋವು ಸಣ್ಣದಲ್ಲ. ಆದರೆ ಪೋಸ್ಟಿಂಗ್ ಮನೆಯಲ್ಲಿ ವರ್ಷಗಟ್ಟಲೆ ಕಾಯಿಸುವ ಗಿಡ ಹಾಕಿದರೆ ಆ ನೋವು ಗ್ಯಾರಂಟಿ. ಈ ನಾಲ್ಕು ವರ್ಷಕ್ಕೆ ಒಂದು ನಿಯಮ ಇಟ್ಟುಕೊಳ್ಳಿ: ಮೂರು ತಿಂಗಳೊಳಗೆ ತಟ್ಟೆಗೆ ಬರದೇ ಇರೋದನ್ನು ನೆಲಕ್ಕೆ ಹಾಕಬೇಡಿ. ಮೆಂತ್ಯ, ದಂಟು, ಹರಿವೆ 25–30 ದಿನಕ್ಕೆ ಬರುತ್ತೆ. ಕೊತ್ತಂಬರಿ, ಮೂಲಂಗಿ 40–45 ದಿನ. ಬೆಂಡೆ 45–50 ದಿನಕ್ಕೆ ಕಾಯಿ ಬಿಡೋಕೆ ಶುರು. ಹುರುಳಿಕಾಯಿ 50–60 ದಿನ. ಟೊಮೆಟೊ ಸಸಿ ನೆಟ್ಟು ಎರಡು ತಿಂಗಳ ಮೇಲೆ. ಬೆಂಗಳೂರಿನ ಹವೆಯಲ್ಲಿ ಇವನ್ನು ಹೆಚ್ಚುಕಮ್ಮಿ ವರ್ಷಪೂರ್ತಿ ಹಾಕಬಹುದು. ಬೇರೆ ಸ್ಟೇಷನ್‌ಗಳಲ್ಲಿ ಈ ಸುಖ ಇಲ್ಲ, ನಿಮಗೇ ಗೊತ್ತಿರುತ್ತೆ. ಮಳೆ ಜೋರಾಗಿರುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಾತ್ರ ಸೊಪ್ಪಿನ ಪಾತಿ ನೆಲಕ್ಕಿಂತ ಅರ್ಧ ಅಡಿ ಎತ್ತರ ಇರಲಿ. ನೀರು ನಿಂತರೆ ಬುಡ ಕೊಳೆಯುತ್ತೆ.

ಕೊತ್ತಂಬರಿ ಹುಟ್ಟೋದೇ ಇಲ್ಲ ಅಂತ ಎಲ್ಲರೂ ಗೋಳಾಡ್ತಾರೆ. ಅಂಗಡಿಯ ಧನಿಯವನ್ನು ಹಾಗೇ ಎರಚಿದರೆ ಹುಟ್ಟೋದು ಕಷ್ಟವೇ. ಧನಿಯ ಒಂದು ಕಾಳಲ್ಲ, ಎರಡು ಬೀಜ ಸೇರಿರುವ ಕಾಯಿ. ಅದನ್ನು ಬಟ್ಟೆ ಮೇಲೆ ಹರಡಿ, ಲಟ್ಟಣಿಗೆಯನ್ನು ಹಗುರವಾಗಿ ಒಮ್ಮೆ ಉರುಳಿಸಿ. ಎರಡು ಹೋಳಾಗಬೇಕು, ಪುಡಿ ಆಗಬಾರದು. ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ನೆರಳಿನಲ್ಲಿ ನೀರು ಆರಿಸಿ. ಬೆರಳಿನಿಂದ ಸಾಲು ಗೀಚಿ, ಅರ್ಧ ಇಂಚು ಆಳಕ್ಕೆ ಬಿತ್ತಿ, ಮೇಲೆ ತೆಳುವಾಗಿ ಗೊಬ್ಬರ ಉದುರಿಸಿ. ಆಮೇಲೆ ಒದ್ದೆ ಗೋಣಿತಾಟು ಮುಚ್ಚಿ. ದಿನಾ ಗೋಣಿ ಮೇಲೇ ನೀರು ಚಿಮುಕಿಸಿ. ಎಂಟು ಹತ್ತು ದಿನಕ್ಕೆ ಗೋಣಿ ಎತ್ತಿ ನೋಡಿದರೆ ಬೆಳ್ಳಗಿನ ಮೊಳಕೆ ಕಾಣುತ್ತೆ. ಅವತ್ತೇ ಗೋಣಿ ತೆಗೆದುಬಿಡಿ. ಇನ್ನೊಂದು ದಿನ ಅಂತ ಬಿಟ್ಟರೆ ಮೊಳಕೆ ಗೋಣಿ ನಾರಿಗೆ ಸಿಕ್ಕಿಕೊಂಡು ಕಿತ್ತು ಬರುತ್ತೆ. ಎರಡು ವಾರಕ್ಕೊಮ್ಮೆ ಒಂದೊಂದು ಸಾಲು ಬಿತ್ತುತ್ತಾ ಹೋದರೆ ಮನೆಗೆ ಕೊತ್ತಂಬರಿ ಕೊಳ್ಳೋದೇ ಬೇಡ.

ಗೊಬ್ಬರಕ್ಕೆ ದುಡ್ಡು ಹಾಕಬೇಡಿ. ಸೇನಾ ಕಾಲೋನಿಗಳಲ್ಲಿ ಇರುವಷ್ಟು ಹಳೇ ಮರ ಬೆಂಗಳೂರಿನ ಬೇರೆ ಬಡಾವಣೆಗಳಲ್ಲಿ ಎಲ್ಲಿವೆ? ಫೆಬ್ರವರಿ, ಮಾರ್ಚ್‌ನಲ್ಲಿ ಹೊಂಗೆ ಎಲೆ ಉದುರುತ್ತೆ. ಗುಡಿಸುವವರಿಗೆ ಹೇಳಿ ನಾಲ್ಕೈದು ಚೀಲ ತುಂಬಿಸಿ ಇಟ್ಟುಕೊಳ್ಳಿ. ಬುಡಕ್ಕೆ, ಪಕ್ಕಕ್ಕೆ ತೂತು ಮಾಡಿದ ಹಳೇ ಪೇಂಟ್ ಡಬ್ಬ ಎರಡು ಸಾಕು. ಒಂದು ಬೊಗಸೆ ಅಡುಗೆಮನೆ ಕಸಕ್ಕೆ ಎರಡು ಬೊಗಸೆ ಒಣ ಎಲೆ, ಮೇಲೆ ಒಂದು ಹಿಡಿ ಹಳೇ ಗೊಬ್ಬರ ಅಥವಾ ಒಂದು ಸೌಟು ಹುಳಿ ಮಜ್ಜಿಗೆ. ವಾಸನೆ ಬಂತು ಅಂದ್ರೆ ಒಣ ಎಲೆ ಕಮ್ಮಿ ಆಗಿದೆ, ಅಷ್ಟೇ. ವಾರಕ್ಕೊಮ್ಮೆ ತಿರುವಿ. ಒಂದು ಡಬ್ಬ ತುಂಬಿದ ಮೇಲೆ ಮುಚ್ಚಿಟ್ಟು ಎರಡನೆಯದಕ್ಕೆ ಹಾಕುತ್ತಾ ಹೋಗಿ. ಸುಮಾರು ಎರಡು ತಿಂಗಳಿಗೆ ಮೊದಲನೆಯದು ಕಪ್ಪಗೆ, ಉದುರುದುರಾಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತೆ. ಅದು, ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ ಮೂರೂ ಸಮಸಮ ಬೆರೆಸಿದರೆ ಕುಂಡಕ್ಕೆ ಅದಕ್ಕಿಂತ ಒಳ್ಳೆ ಮಣ್ಣು ಬೇಡ.

ಕ್ವಾರ್ಟರ್ಸ್ ಅಂದ ಮೇಲೆ ನಿಯಮಗಳೂ ಇರ್ತವೆ. ಪಾಯದ ಹತ್ತಿರ, ಚರಂಡಿ ಪೈಪಿನ ಮೇಲೆ ಅಗೆಯಬೇಡಿ. ಪರ್ಮನೆಂಟಾಗಿ ಕಟ್ಟೆ, ಚಪ್ಪರ ಕಟ್ಟಿದರೆ ಮಾರ್ಚಿಂಗ್ ಔಟ್ ದಿನ, ಅಂದ್ರೆ ಮನೆ ಖಾಲಿ ಮಾಡಿ ಒಪ್ಪಿಸುವ ದಿನ, ಕ್ವಾರ್ಟರ್ಸ್ ನೋಡಿಕೊಳ್ಳುವ ಎಂಇಎಸ್‌ನವರು (ಸೇನೆಯ ಎಂಜಿನಿಯರಿಂಗ್ ವಿಭಾಗ) ಬಂದಾಗ ಉತ್ತರ ಹೇಳಬೇಕಾಗುತ್ತೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ, ಡೆಂಗಿ ಸೊಳ್ಳೆಗೆ ಅಷ್ಟು ಸಾಕು.

ಜೊತೆಗೆ ಒಯ್ಯೋದು ಏನು? ಬೀಜ ಮತ್ತು ಕಡ್ಡಿ. ಬಸಳೆ, ದೊಡ್ಡಪತ್ರೆ, ಮಲ್ಲಿಗೆ ಇವೆಲ್ಲ ಗೇಣುದ್ದದ ಕಡ್ಡಿಯಿಂದ ಹುಟ್ಟುತ್ತವೆ. ಕೆಳಗಿನ ಎಲೆ ತೆಗೆದು, ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿದರೆ ಎರಡು ಮೂರು ದಿನದ ರೈಲು ಪ್ರಯಾಣ ತಡೆಯುತ್ತವೆ. ಬಸಳೆ ಅಂತೂ ಬಹಳ ಗಟ್ಟಿ. ಬೀಜಕ್ಕೆ ಅಲಸಂದೆ, ಅವರೆ, ಹುರುಳಿಕಾಯಿಯಿಂದ ಶುರು ಮಾಡಿ. ಇವು ಹೆಚ್ಚಾಗಿ ತಮ್ಮಷ್ಟಕ್ಕೇ ಕಾಯಿ ಕಚ್ಚುವ ಜಾತಿ, ತಳಿ ಅಷ್ಟು ಬೇಗ ಕೆಡೋದಿಲ್ಲ. ಚೆನ್ನಾಗಿ ಕಾಯಿ ಬಿಟ್ಟ ಗಿಡ ಒಂದನ್ನು ಗುರುತು ಮಾಡಿ, ಅದರ ಕಾಯಿ ಅಡುಗೆಗೆ ಕೀಳದೆ ಗಿಡದಲ್ಲೇ ಒಣಗಲು ಬಿಡಿ. ಬಿಡಿಸಿದ ಕಾಳನ್ನು ನೆರಳಿನಲ್ಲಿ ಆರಿಸಿ, ಜರಡಿ ಹಿಡಿದ ಒಲೆ ಬೂದಿ ಬೆರೆಸಿ ಗಾಜಿನ ಬಾಟಲಿಯಲ್ಲಿಡಿ. ತಿಂಗಳು, ವರ್ಷ, ಯಾವ ಊರಲ್ಲಿ ಬೆಳೆದಿದ್ದು ಅಂತ ಚೀಟಿ ಅಂಟಿಸಿ. ಬೀಜ ಕೊಳ್ಳೋದಾದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತೆ. ಅವರ ಅರ್ಕಾ ಅನಾಮಿಕ ಬೆಂಡೆಯ ಬೀಜ ಎತ್ತಿಟ್ಟುಕೊಳ್ಳಬಹುದು. ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್. ಅದರ ಬೀಜ ಹಾಕಿದರೆ ಮುಂದಿನ ಗಿಡ ಹಾಗೇ ಬರೋದಿಲ್ಲ.

ಕುಚ್ಚು, ಉಪ್ಪಿನಕಾಯಿ ಬಗ್ಗೆ ಎರಡೇ ಮಾತು. ಕುಚ್ಚು ಬಿಡಬೇಡಿ. ಸೂಜಿ, ರೇಷ್ಮೆ ದಾರ, ಮಣಿ ಎಲ್ಲಾ ಒಂದು ಸ್ಟೀಲ್ ಡಬ್ಬದಲ್ಲಿ ಹೋಗುತ್ತೆ. ಯಾವ ಸ್ಟೇಷನ್‌ಗೆ ಹೋದರೂ ಕನ್ನಡದವರು, ತೆಲುಗಿನವರು ಇದ್ದೇ ಇರ್ತಾರೆ, ಸೀರೆ ಬರುತ್ತೆ. ತೋಟದಿಂದ ಮೊದಲ ಮೂರು ವರ್ಷ ಕೈಗೆ ಕಾಸು ಬರೋದಿಲ್ಲ. ಆಗ ಮನೆಯ ಸಣ್ಣಪುಟ್ಟ ಖರ್ಚಿಗೆ ಆಗೋದು ಈ ಕುಚ್ಚಿನ ದುಡ್ಡೇ. ಉಪ್ಪಿನಕಾಯಿಯನ್ನು ಮಾರುವ ಯೋಚನೆ ಇದ್ದರೆ ಆಹಾರ ಸುರಕ್ಷತೆಯ ನೋಂದಣಿ ಬೇಕು, ಕ್ವಾರ್ಟರ್ಸ್‌ನಿಂದ ಮಾರೋಕೆ ಸ್ಟೇಷನ್ ಕಚೇರಿಯ ಅನುಮತಿಯನ್ನೂ ಕೇಳಿಕೊಳ್ಳಿ. ನನ್ನನ್ನು ಕೇಳಿದರೆ ಅದು ಮನೆಗೇ ಇರಲಿ. ಮಾಡೋ ಕೆಲಸ ಎಲ್ಲವನ್ನೂ ಮಾರಲೇಬೇಕು ಅನ್ನೋ ಹಟ ಯಾಕೆ?

ಈಗ ಆ ಫಾರ್ಮ್ ಪ್ಲಾಟ್.

ಏಜೆಂಟ್ ರಜೆಯ ಲೆಕ್ಕ ಇಟ್ಟುಕೊಂಡು ಮಾತಾಡ್ತಿದ್ದಾರೆ, ಗಮನಿಸಿದಿರಾ? ಸೈನಿಕರ ಮನೆಯವರಿಗೆ ಜಮೀನು ಮಾರುವವರು ಇದನ್ನೇ ಮಾಡೋದು. ‘ಸಾರ್ ಇರುವಾಗಲೇ ಮುಗಿಸಿಬಿಡೋಣ, ಆಮೇಲೆ ಇನ್ನೊಂದು ವರ್ಷ ಕಾಯಬೇಕು’ ಅಂತಾರೆ. ಕಾಯಿರಿ. ಒಂದು ರಜೆ ನೋಡೋದಕ್ಕೆ, ಇನ್ನೊಂದು ರಜೆ ರಿಜಿಸ್ಟ್ರೇಷನ್‌ಗೆ. ನೋಡುವ ರಜೆ ಆದಷ್ಟೂ ಏಪ್ರಿಲ್, ಮೇ ತಿಂಗಳಲ್ಲಿ ಬರಲಿ. ಅಕ್ಟೋಬರ್‌ನಲ್ಲಿ ನೋಡಿದರೆ ಬಯಲುಸೀಮೆಯೂ ಮಲೆನಾಡಿನ ಹಾಗೆ ಹಸಿರಾಗಿರುತ್ತೆ. ಮೇ ತಿಂಗಳಲ್ಲಿ ಪಕ್ಕದ ತೋಟದವರ ಬೋರ್‌ನಲ್ಲಿ ಎಷ್ಟು ನೀರು ಬರ್ತಿದೆ, ಎಷ್ಟು ಅಡಿಗೆ ಬಿಟ್ಟಿದ್ದಾರೆ, ಎಷ್ಟು ಬೋರ್ ಫೇಲ್ ಆಗಿವೆ ಅಂತ ಟೀ ಅಂಗಡಿಯಲ್ಲಿ ಕೂತು ಕೇಳಿದರೆ ಏಜೆಂಟ್ ಹೇಳದ ಎಲ್ಲವೂ ಗೊತ್ತಾಗುತ್ತೆ. ಬೆಂಗಳೂರಿನ ಸುತ್ತ ಸಾವಿರ ಅಡಿ ದಾಟಿದ ಬೋರ್‌ಗಳು ಈಗ ಹೊಸ ಸುದ್ದಿ ಅಲ್ಲ. ಅಂತರ್ಜಲಕ್ಕೆ ಅಧಿಸೂಚಿತವಾದ ತಾಲ್ಲೂಕಿನಲ್ಲಿ ಹೊಸ ಬೋರ್‌ಗೆ ಅನುಮತಿಯೂ ಬೇಕು.

ಹತ್ತು ಗುಂಟೆ ಪ್ಲಾಟ್‌ನಲ್ಲಿ ನನಗಿರುವ ದೊಡ್ಡ ತಕರಾರು ಕಾಗದದ್ದು. ದೊಡ್ಡ ಸರ್ವೆ ನಂಬರ್ ಒಂದನ್ನು ತುಂಡು ಮಾಡಿ, ಬೇಲಿ ಹಾಕಿ, ಗೇಟಿಗೆ ಚಂದದ ಹೆಸರು ಬರೆದು ಮಾರ್ತಾರೆ. ಸರ್ವೆ ನಂಬರಿನ ಒಂದು ಭಾಗ ಮಾರುವಾಗ 11ಇ ನಕ್ಷೆ ಬೇಕು. ನಿಮ್ಮ ತುಂಡು ಯಾವುದು, ಗಡಿ ಎಲ್ಲಿ ಅಂತ ಸರ್ಕಾರಿ ಅಳತೆಯಲ್ಲಿ ತೋರಿಸೋದು ಅದೇ. ಅದಿಲ್ಲದೆ ‘ಎಲ್ಲರ ಹೆಸರೂ ಒಂದೇ ಪಹಣಿಯಲ್ಲಿ ಬರುತ್ತೆ, ಒಳಗೊಳಗೇ ಹಂಚಿಕೊಂಡರಾಯ್ತು’ ಅಂದರೆ ಎದ್ದು ಬನ್ನಿ. ದಾರಿ ಯಾರ ಹೆಸರಲ್ಲಿದೆ? ಬೋರ್ ಯಾರದ್ದು? ಕರೆಂಟ್ ಬಿಲ್ ಯಾರು ಕಟ್ತಾರೆ? ನೋಡಿಕೊಳ್ಳುವ ಕಂಪನಿ ಬಾಗಿಲು ಹಾಕಿದರೆ ಏನು? ಇದಕ್ಕೆಲ್ಲ ಬರವಣಿಗೆಯಲ್ಲಿ ಉತ್ತರ ಕೇಳಿ. ಕೃಷಿ ಜಮೀನಿನಲ್ಲಿ ಮನೆ ಕಟ್ಟೋಕೆ ಮಿತಿ ಇದೆ, ಬ್ರೋಷರ್‌ನಲ್ಲಿ ಹಂಚಿನ ಮನೆಯ ಚಿತ್ರ ಇದ್ದ ಮಾತ್ರಕ್ಕೆ ಕಟ್ಟಬಹುದು ಅಂತಲ್ಲ. ಎಲ್ಲಕ್ಕಿಂತ ಮುಖ್ಯ, ನಿಮ್ಮ ನೋಟ್‌ಬುಕ್ಕಿನ ಲೆಕ್ಕಕ್ಕೆ ಹತ್ತು ಗುಂಟೆ ಸಾಲೋದಿಲ್ಲ. ವಾರಕ್ಕೊಮ್ಮೆ ಹೋಗಿ ಬರುವ ಜಾಗ ಅದು, ಬದುಕುವ ಜಾಗ ಅಲ್ಲ.

ನಿಮ್ಮ ಮನೆತನ ಕೃಷಿಕರದ್ದಲ್ಲದಿದ್ದರೂ ಈಗ ತೊಂದರೆ ಇಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕರ್ನಾಟಕದಲ್ಲಿ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಯಾವ ಜಮೀನು ಬೇಕಾದರೂ ಕೊಳ್ಳಬಹುದು ಅಂತಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ. ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟ ನಿಲ್ಲೋದಿಲ್ಲ, ಜಮೀನು ಮೂಲ ಮಂಜೂರುದಾರರಿಗೆ ವಾಪಸ್ ಹೋಗುತ್ತೆ. 2023ರ ತಿದ್ದುಪಡಿ ಆದ ಮೇಲೆ ‘ಮಾರಾಟ ಆಗಿ ಬಹಳ ವರ್ಷ ಆಯ್ತು’ ಅನ್ನೋ ಮಾತನ್ನು ನಂಬಿ ಕೂರೋ ಹಾಗಿಲ್ಲ. ಹಾಗಾಗಿ ಪಹಣಿಯಲ್ಲಿ ಈಗಿನ ಹೆಸರು ನೋಡಿ ಸುಮ್ಮನಾಗಬೇಡಿ. ಮೂಲ ಹೇಗೆ ಬಂತು, ಮಂಜೂರಾತಿ ಇದ್ದರೆ ಷರತ್ತು ಏನು, ಮ್ಯುಟೇಶನ್‌ಗಳು, ಕನಿಷ್ಠ ಮೂವತ್ತು ವರ್ಷದ ಋಣಭಾರ ಪತ್ರ, ಆಕಾರ್‌ಬಂದ್ (ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಅಳತೆಯ ಕೈನಕ್ಷೆ), ಗ್ರಾಮ ನಕಾಶೆ ಎಲ್ಲಾ ತೆಗೆಸಿ. ಆ ತಾಲ್ಲೂಕಿನಲ್ಲೇ ಪ್ರಾಕ್ಟೀಸ್ ಮಾಡುವ, ಏಜೆಂಟ್ ತೋರಿಸದ ವಕೀಲರಿಗೆ ಫೀಸು ಕೊಟ್ಟು ಓದಿಸಿ. ಜಮೀನಿನ ಮೇಲೆ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ. ನಿಂತಿರುವ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಏಜೆಂಟ್ ಹೇಳಿದ ನಂಬರೂ ಅದೂ ಬೇರೆ ಆದರೆ ಅಲ್ಲಿಗೆ ಮುಗೀತು. ರಾಜಕಾಲುವೆ, ಬಿ ಖರಾಬು (ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಎಷ್ಟು ಸೇರಿದೆ ಅನ್ನೋದನ್ನೂ ನೋಡಿ. ಖರಾಬಿಗೂ ಸೇರಿಸಿ ದುಡ್ಡು ತಗೊಳ್ಳೋದು ಮಾಮೂಲು.

ಜಮೀನು ಇಬ್ಬರ ಹೆಸರಲ್ಲೂ ಇರಲಿ. ಇದರಲ್ಲಿ ಸಂಕೋಚ ಬೇಡ. ಅವರು ಊರಲ್ಲಿಲ್ಲದಾಗ ಬೆಳೆ ಸಾಲ, ಡ್ರಿಪ್ ಸಬ್ಸಿಡಿ, ಕರೆಂಟ್ ಕನೆಕ್ಷನ್ ಪ್ರತಿಯೊಂದಕ್ಕೂ ಪಹಣಿಯಲ್ಲಿ ಹೆಸರಿರುವವರು ಬೇಕು. ಪಿಂಚಣಿ ಹೊತ್ತಿಗೆ ಬರುವ ಇಡಿಗಂಟಿನ ಮುಕ್ಕಾಲು ಭಾಗ ಜಮೀನಿಗೆ ಹೋಗೋ ಹಾಗಿದ್ದರೆ ಆ ಜಮೀನು ನಿಮಗೆ ದುಬಾರಿ ಅಂತ ಅರ್ಥ. ಬೇಲಿ, ಬೋರ್, ಹೊಂಡ, ಡ್ರಿಪ್, ಮನೆ ಎಲ್ಲಾ ಇನ್ನೂ ಬಾಕಿ ಇರುತ್ತೆ. ಬೆಂಗಳೂರಿಗೆ ತೀರಾ ಹತ್ತಿರ ಹುಡುಕೋದು ಬಿಟ್ಟು ಕುಣಿಗಲ್, ಗೌರಿಬಿದನೂರು ಕಡೆಗೂ ಕಣ್ಣು ಹಾಯಿಸಿ. ಕನಕಪುರದಾಚೆ ಕಾಡಂಚು ಅಗ್ಗ ಅಂತ ಕಂಡರೆ ಆನೆ ಬರುತ್ತಾ ಅಂತ ಊರವರನ್ನು ಕೇಳಿ. ಮಾಜಿ ಸೈನಿಕರ ಇಸಿಎಚ್‌ಎಸ್ ಪಾಲಿಕ್ಲಿನಿಕ್, ಮಕ್ಕಳ ಸ್ಕೂಲು, ದಿನಾ ಓಡಾಡೋ ಬಸ್ಸು ಎಷ್ಟು ದೂರ ಅನ್ನೋದು ಮಣ್ಣಿನ ಬಣ್ಣಕ್ಕಿಂತ ಮುಖ್ಯ. ನನ್ನ ಮಾತು ಕೇಳೋದಾದರೆ ಮನೆಯನ್ನು ತೋಟದ ನಡುವೆ ಕಟ್ಟಬೇಡಿ. ಊರೊಳಗೆ ಮನೆ, ನಡೆದು ಹೋಗುವಷ್ಟು ದೂರದಲ್ಲಿ ತೋಟ. ಅಕ್ಕಪಕ್ಕ ಜನ ಇರ್ತಾರೆ, ಮಕ್ಕಳು ಒಂಟಿಯಾಗೋದಿಲ್ಲ, ರಾಗಿ ಕೊಯ್ಲಿಗೆ ಮುಯ್ಯಾಳೂ (ಕೂಲಿ ಬದಲು ಕೆಲಸಕ್ಕೆ ಕೆಲಸ ಮಾಡಿಕೊಡುವವರು) ಸಿಗುತ್ತಾರೆ.

ಮೋಟಾರಿನ ವಿಷಯ ಯಾರೂ ಮೊದಲೇ ಹೇಳೋದಿಲ್ಲ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಅನ್ನೋದು ಲೆಕ್ಕ. ಅದು ಎಷ್ಟೋ ಕಡೆ ರಾತ್ರಿ ಪಾಳಿಯಲ್ಲಿ ಬರುತ್ತೆ. ಹಾವು, ಹಂದಿ ಓಡಾಡುವ ಹೊತ್ತಲ್ಲಿ ಟಾರ್ಚ್ ಹಿಡಿದು ನೀವೊಬ್ಬರೇ ಸ್ಟಾರ್ಟರ್ ಹತ್ತಿರ ಹೋಗ್ತೀರಾ? ಆಟೋ ಸ್ಟಾರ್ಟರ್ ಹಾಕಿಸಿ. ಎತ್ತರದ ಜಾಗದಲ್ಲಿ ಒಂದು ತೊಟ್ಟಿ ಕಟ್ಟಿಸಿ, ಬಂದ ಕರೆಂಟಿಗೆ ಅದು ತುಂಬಲಿ. ಬೆಳಿಗ್ಗೆ ಎದ್ದು ಡ್ರಿಪ್ ವಾಲ್ವ್ ತಿರುಗಿಸಿದರೆ ಆಯ್ತು. ಒಬ್ಬರ ಕೈಗೆ ಆಗುವ ತೋಟ ಅಂದ್ರೆ ಇದು.

ಬೋರ್ ಒಂದನ್ನೇ ನಂಬಬೇಡಿ. ಬೆಂಗಳೂರು ಸುತ್ತ ವರ್ಷಕ್ಕೆ 800–900 ಮಿಲಿಮೀಟರ್ ಆಸುಪಾಸಿನ ಮಳೆ ಇದೆ, ಕಮ್ಮಿ ಏನಲ್ಲ. ಒಂದು ಎಕರೆ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು. ಇಳಿಜಾರಿಗೆ ಅಡ್ಡವಾಗಿ ಬದು ಹಾಕಿ, ತಗ್ಗಿನ ಮೂಲೆಯಲ್ಲಿ ಕೃಷಿ ಹೊಂಡ ತೋಡಿಸಿ. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಅಂಚು ಜಾರುತ್ತೆ, ಬಿದ್ದವರು ಹತ್ತಿ ಬರೋಕೆ ಆಗಲ್ಲ. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಬೇಕು. ಮಕ್ಕಳಿರುವ ಮನೆ, ಇದರಲ್ಲಿ ಉಳಿತಾಯ ಬೇಡ.

ಜಮೀನು ಬಂದ ಮೊದಲ ಮಳೆಗಾಲದಲ್ಲಿ ಬೇಲಿಗುಂಟ ಗ್ಲಿರಿಸಿಡಿಯಾ ಕಡ್ಡಿ ನೆಡಿ, ಸೊಪ್ಪು ಗೊಬ್ಬರಕ್ಕೂ ಆಯ್ತು. ಮರದ ಸಸಿಗಳನ್ನು ಜೂನ್, ಜುಲೈನಲ್ಲಿ ಮುಗಿಸಿ. ತೆಂಗು ಫಲಕ್ಕೆ ಬರೋಕೆ ಐದಾರು ವರ್ಷ ಬೇಕು, ಕಸಿ ಸೀಬೆಗೆ ಎರಡು ಮೂರು ವರ್ಷ, ನುಗ್ಗೆ ವರ್ಷದೊಳಗೇ ಕಾಯಿ ಬಿಡುತ್ತೆ. ಉಳಿದ ಜಾಗಕ್ಕೆ ರಾಗಿ. ಆ ವರ್ಷಕ್ಕೆ ಅಷ್ಟು ಸಾಕು.

ಈ ನಾಲ್ಕು ವರ್ಷದಲ್ಲಿ ಕಲಿಯೋದಕ್ಕೆ ಬೆಂಗಳೂರಿಗಿಂತ ಒಳ್ಳೆ ಊರಿಲ್ಲ. ನವೆಂಬರ್ ಹೊತ್ತಿಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಸಣ್ಣ ಹಿಡುವಳಿಯ ಸಮಗ್ರ ಕೃಷಿ ಪ್ಲಾಟ್‌ಗಳ ಹತ್ತಿರ ಅರ್ಧ ದಿನ ಕಳೆಯಿರಿ, ಟ್ರ್ಯಾಕ್ಟರ್ ಸ್ಟಾಲ್‌ಗಳನ್ನು ಬಿಟ್ಟುಬಿಡಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲೂ ತರಬೇತಿಗಳು ನಡೆಯುತ್ತವೆ, ಫೋನ್ ಮಾಡಿ ದಿನಾಂಕ ಕೇಳಿಕೊಳ್ಳಿ. ಯಜಮಾನರಿಗೆ ನಿವೃತ್ತಿಗೆ ಮುಂಚೆ ಡಿಜಿಆರ್ (ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ) ಕಡೆಯಿಂದ ಪುನರ್ವಸತಿ ಕೋರ್ಸ್‌ಗಳಿವೆ. ಕೃಷಿಗೆ ಸಂಬಂಧಿಸಿದ್ದು ಸಿಕ್ಕರೆ ಅದನ್ನೇ ಆರಿಸಿಕೊಳ್ಳಲಿ. ನಿಮಗೆ ನೆಂಟರ ಊರಲ್ಲಿ ಜಮೀನಿದ್ದರೆ ಮಕ್ಕಳ ರಜೆಯಲ್ಲಿ ಹೋಗಿ ಹತ್ತು ದಿನ ಕಳೆ ಕೀಳಿ. ಬಿಸಿಲಲ್ಲಿ ಸೊಂಟ ಬಗ್ಗಿಸಿದ ಮೇಲೂ ಆಸೆ ಹಾಗೇ ಇದೆಯಾ ಅಂತ ಜಮೀನು ಕೊಳ್ಳುವ ಮೊದಲೇ ಗೊತ್ತಾಗಬೇಕಲ್ವಾ?

ಕೊನೆಗೆ ಹಸು ಮತ್ತು ಕೋಳಿ. ಹಸು ಬೇಡ, ಮೊದಲ ಎರಡು ವರ್ಷವಂತೂ ಬೇಡ. ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುವಿಗೆ ದಿನಕ್ಕೆ 25–30 ಕೆಜಿ ಹಸಿ ಮೇವು ಬೇಕು, ಒಣ ಹುಲ್ಲು, ಹಿಂಡಿ ಬೇರೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಕರೆಯಲೇಬೇಕು. ಮಗುವಿಗೆ ಜ್ವರ ಬಂತು, ನಾದಿನಿ ಮದುವೆ ಬಂತು ಅಂತ ಹಸು ಕಾಯೋದಿಲ್ಲ. ಮನೆಯಲ್ಲಿ ದೊಡ್ಡವರು ಇಬ್ಬರು ಖಾಯಂ ಇರ್ತೀರಿ ಅಂತಾದ ಮೇಲೆ, ತೋಟದಲ್ಲಿ ಮೇವು ಬೆಳೆದು ನಿಂತ ಮೇಲೆ ತನ್ನಿ. ಅಲ್ಲಿಯವರೆಗೆ ಹಾಲಿಗೆ ಊರಿನ ಡೇರಿ ಇದೆ, ಸಗಣಿ ಗೊಬ್ಬರ ಟ್ರ್ಯಾಕ್ಟರ್ ಲೋಡಿನಲ್ಲಿ ಸಿಗುತ್ತೆ.

ಕೋಳಿಯಿಂದ ಶುರು ಮಾಡಿ, ಹತ್ತು ಸಾಕು. ಒಂದು ದಿನದ ಮರಿ ತರಬೇಡಿ. ಬಲ್ಬ್ ಹಾಕಿ ಕಾವು ಕೊಡೋದು, ಮರಿ ಸಾಯದ ಹಾಗೆ ನೋಡಿಕೊಳ್ಳೋದು ಹೊಸಬರ ಕೆಲಸ ಅಲ್ಲ. ಕೊಕ್ಕರೆ ರೋಗದ ಲಸಿಕೆ ಆಗಿರುವ, ಆರು ವಾರ ದಾಟಿದ ಮರಿ ಕೇಳಿ. ಬೆಂಗಳೂರಿನ ವಿಜ್ಞಾನಿಗಳೇ ಅಭಿವೃದ್ಧಿ ಮಾಡಿದ ಗಿರಿರಾಜ, ಸ್ವರ್ಣಧಾರ ತಳಿಗಳು ಹಿತ್ತಲಲ್ಲಿ ಚೆನ್ನಾಗಿ ಬಾಳುತ್ತವೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ನಾಟಿ ಕೋಳಿ ವರ್ಷಕ್ಕೆ 60–80 ಮೊಟ್ಟೆ ಇಟ್ಟರೆ ಹೆಚ್ಚು, ಆದರೆ ತಾನೇ ಕಾವಿಗೆ ಕೂತು ಮರಿ ಮಾಡುತ್ತೆ, ಹಾಗಾಗಿ ಹತ್ತರಲ್ಲಿ ಎರಡು ನಾಟಿ ಇರಲಿ. ಗೂಡು ನೆಲದಿಂದ ಎರಡು ಅಡಿ ಎತ್ತರಕ್ಕಿರಲಿ. ಜಾಲರಿಯ ಕಣ್ಣು ಸಣ್ಣದಿರಲಿ, ದೊಡ್ಡದಿದ್ದರೆ ಮುಂಗುಸಿ ತಲೆ ತೂರಿಸುತ್ತೆ. ಸಂಜೆ ಬಾಗಿಲು ಹಾಕುವ ಕೆಲಸವನ್ನು ಮಕ್ಕಳಿಗೆ ಕೊಡಿ, ಚಿಲಕ ಬಿದ್ದಿದೆಯಾ ಅಂತ ಮಾತ್ರ ನೀವೇ ಹೋಗಿ ನೋಡಿ.